ಉಲ್ಲೇಖಗಳ ಎಣಿಕೆ ಮತ್ತು ಉಲ್ಲೇಖಗಳ ಗತಿ: ಡಾ. ಆ. ನೇ. ಉಪಾಧ್ಯೆಯವರ ಪ್ರಕಟಣೆಗಳ ಒಂದು ವಿಮರ್ಶೆ

ಡಾ. ಆದಿನಾಥ ನೇಮಿನಾಥ ಉಪಾಧ್ಯೆಯವರು (1906–1975) ಪ್ರಾಕೃತ, ಅಪಭ್ರಂಶ ಹಾಗೂ ಸಂಸ್ಕೃತ ಜೈನ ವಾಙ್ಮಯಕ್ಕೆ ಸಲ್ಲಿಸಿದ ಸೇವೆಯನ್ನು ಸ್ಮರಿಸುವ ಲೇಖನಗಳಿಗೆ ಕೊರತೆಯಿಲ್ಲ. ಅವುಗಳಲ್ಲಿ ಬಹುಪಾಲು ಪ್ರಶಂಸಾಪರವಾದುವು; ಗ್ರಂಥಗಳ ಪಟ್ಟಿಯನ್ನು ಕೊಟ್ಟು, ಕಡೆಯಲ್ಲಿ ನಮಸ್ಕಾರವನ್ನು ಸಲ್ಲಿಸಿ ಮುಗಿಯುವಂಥವು. ಪಟ್ಟಿಯೇನೋ ನಿಜವಾಗಿಯೂ ದೊಡ್ಡದು. 1935ರ ಪ್ರವಚನಸಾರ, 1937ರ ಪರಮಾತ್ಮಪ್ರಕಾಶ, 1938ರ ವರಾಂಗಚರಿತ, 1940ರ ಕಂಸವಹೋ, 1943ರ ಬೃಹತ್ಕಥಾಕೋಶ, ಅದೇ ವರ್ಷ ಹೀರಾಲಾಲ ಜೈನರೊಡಗೂಡಿ ತಿಲೋಯಪಣ್ಣತ್ತಿಯ ಮೊದಲ ಭಾಗ, 1949ರ ಲೀಲಾವಈ, 1959 ಮತ್ತು 1970ರಲ್ಲಿ ಎರಡು ಭಾಗಗಳಾಗಿ ಕುವಲಯಮಾಲಾ, 1960ರ ಕಾರ್ತಿಕೇಯಾನುಪ್ರೇಕ್ಷೆ, 1972ರ ಗೀತವೀತರಾಗ: ಇವು ಮುಖ್ಯವಾದುವು ಮಾತ್ರ. ಬೆಳಗಾವಿ ಜಿಲ್ಲೆಯ ಸದಲಗದಲ್ಲಿ ಹುಟ್ಟಿ, ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿಯ ಅಧ್ಯಾಪಕರಾಗಿ ಮೂರು ದಶಕಗಳನ್ನು ಕಳೆದು, ಜೀವನದ ಕೊನೆಯ ವರ್ಷಗಳಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಜೈನಶಾಸ್ತ್ರ ಹಾಗೂ ಪ್ರಾಕೃತದ ಪ್ರಾಧ್ಯಾಪಕರಾಗಿದ್ದ ಈ ವಿದ್ವಾಂಸರನ್ನು 1966ರಲ್ಲಿ ಅಲೀಗಢದ ಅಖಿಲ ಭಾರತ ಪ್ರಾಚ್ಯವಿದ್ಯಾ ಪರಿಷತ್ತೂ 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನವೂ ಅಧ್ಯಕ್ಷಪೀಠದಲ್ಲಿ ಕೂರಿಸಿ ಗೌರವಿಸಿದುವು. ಇಷ್ಟನ್ನು ಹೇಳಿ ನಿಲ್ಲಿಸುವುದು ಸುಲಭ. ಈ ಗ್ರಂಥಗಳನ್ನು ಮುಂದಿನವರು ಹೇಗೆ ಬಳಸಿಕೊಂಡರು, ಯಾವ ಶಾಸ್ತ್ರದವರು ಯಾವ ಭಾಗವನ್ನು ಉಲ್ಲೇಖಿಸಿದರು, ಉಲ್ಲೇಖಿಸುವಾಗ ಏನನ್ನು ಉಳಿಸಿಕೊಂಡು ಏನನ್ನು ಕೈಬಿಟ್ಟರು ಎಂಬ ಪ್ರಶ್ನೆಯಾದರೋ ಇನ್ನೂ ಸರಿಯಾಗಿ ಕೇಳಲ್ಪಟ್ಟಿಲ್ಲ.

ಸಂಶೋಧಕನ ಮಹತ್ತ್ವವನ್ನು ಅವನ ಬರೆಹಗಳಿಗೆ ದೊರೆತ ಉಲ್ಲೇಖಗಳ ಸಂಖ್ಯೆಯಿಂದ ಅಳೆಯುವ ಪದ್ಧತಿ ವಿಜ್ಞಾನಕ್ಷೇತ್ರದಿಂದ ಬಂದದ್ದು. ಯೂಜೀನ್ ಗಾರ್‌ಫೀಲ್ಡರ ವಿಜ್ಞಾನ ಉಲ್ಲೇಖಸೂಚಿ 1964ರಲ್ಲಿ ಪ್ರಕಟವಾಗತೊಡಗಿತು. ಕಲೆ ಮತ್ತು ಮಾನವಿಕ ಶಾಸ್ತ್ರಗಳ ಸೂಚಿ ಬಂದದ್ದು 1978ರಲ್ಲಿ, ಎಂದರೆ ಉಪಾಧ್ಯೆಯವರು ತೀರಿಕೊಂಡ ಮೂರು ವರ್ಷಗಳ ಮೇಲೆ. 2005ರಲ್ಲಿ ಭೌತಶಾಸ್ತ್ರಜ್ಞ ಹಿರ್ಷ್ ಸೂಚಿಸಿದ ಅಂಕವು ಈಗ ವಿಶ್ವವಿದ್ಯಾಲಯಗಳ ನೇಮಕಾತಿಯವರೆಗೂ ನಡೆದುಬಂದಿದೆ. ಈ ತಕ್ಕಡಿಯಲ್ಲಿ ಉಪಾಧ್ಯೆಯವರನ್ನು ಇಟ್ಟರೆ ತೂಕ ತಪ್ಪುವುದು ಖಂಡಿತ. ಕಾರಣ ಸರಳವಾದುದು. ಸೂಚಿಗಳು ಮುಖ್ಯವಾಗಿ ಎಣಿಸುವುದು ನಿಯತಕಾಲಿಕಗಳಲ್ಲಿಯ ಲೇಖನಗಳನ್ನು. ಉಪಾಧ್ಯೆಯವರ ಬಾಳಿನ ಕೆಲಸವಾದರೋ ಗ್ರಂಥಸಂಪಾದನೆ. ಅವರು ಪರಿಷ್ಕರಿಸಿದ ಪಾಠವನ್ನು ಉದ್ಧರಿಸುವವನು ಕುಂದಕುಂದರ ಹೆಸರನ್ನೋ ಹರಿಷೇಣರ ಹೆಸರನ್ನೋ ಉದ್ದ್ಯೋತನಸೂರಿಗಳ ಹೆಸರನ್ನೋ ಬರೆಯುತ್ತಾನೆ. ಸಂಪಾದಕನು ಗ್ರಂಥಕರ್ತನ ಹಿಂದೆ ಮರೆಯಾಗುತ್ತಾನೆ. ಸಂಪಾದನೆ ಎಷ್ಟು ಉತ್ತಮವೋ ಸಂಪಾದಕನು ಅಷ್ಟು ಅದೃಶ್ಯನಾಗುವುದು ಈ ವೃತ್ತಿಯ ಧರ್ಮವೇ ಎನ್ನಬೇಕು. ಆದುದರಿಂದ ಇಲ್ಲಿ ಮಾಡಬೇಕಾದದ್ದು ಎಣಿಕೆಯಲ್ಲ. ಒಂದೊಂದು ಉಲ್ಲೇಖವೂ ನಡೆದು ಬಂದ ದಾರಿಯ ಪರಿಶೀಲನೆ.

ಪ್ರವಚನಸಾರದಿಂದ ತೊಡಗುವುದು ಯುಕ್ತ. ಮುಂಬಯಿಯ ರಾಯಚಂದ್ರ ಜೈನ ಶಾಸ್ತ್ರಮಾಲೆಯಲ್ಲಿ 1935ರಲ್ಲಿ ಹೊರಬಂದ ಈ ಆವೃತ್ತಿಯಲ್ಲಿ ಪ್ರಾಕೃತ ಗಾಥೆಗಳ ಜೊತೆಗೆ ಅಮೃತಚಂದ್ರ ಮತ್ತು ಜಯಸೇನರ ಸಂಸ್ಕೃತ ವ್ಯಾಖ್ಯೆಗಳು, ಪಾಂಡೆ ಹೇಮರಾಜರ ಹಿಂದೀ ಟೀಕೆ, ಇಂಗ್ಲಿಷ್ ಅನುವಾದ, ಮತ್ತು ಸ್ವತಂತ್ರ ಗ್ರಂಥವೇ ಆಗಬಹುದಾದಷ್ಟು ವಿಸ್ತಾರವಾದ ಇಂಗ್ಲಿಷ್ ಉಪೋದ್ಘಾತವಿವೆ. 1939ರಲ್ಲಿ ಅವರಿಗೆ ಮುಂಬಯಿ ವಿಶ್ವವಿದ್ಯಾಲಯದ ಡಿ.ಲಿಟ್. ಪದವಿ ಬಂದಾಗ ಅವರ ಕೀರ್ತಿಗೆ ಮುಖ್ಯ ಆಧಾರವಾಗಿದ್ದದ್ದು ಈ ಕೆಲಸವೇ. ತತ್ತ್ವಶಾಸ್ತ್ರದವರು ಈ ಆವೃತ್ತಿಯ ಪಾಠವನ್ನು ಬಳಸಿದ್ದಾರೆ, ಡಬ್ಲ್ಯು. ಜೆ. ಜಾನ್ಸನ್ನರು 1995ರಲ್ಲಿ ಉಮಾಸ್ವಾತಿ ಮತ್ತು ಕುಂದಕುಂದರ ಕರ್ಮವಿಚಾರವನ್ನು ಕುರಿತು ಪ್ರಕಟಿಸಿದ ಗ್ರಂಥಕ್ಕೆ ಇದು ನಿತ್ಯದ ಆಕರ. ಭಾಷಾಶಾಸ್ತ್ರದವರು ಗಾಥೆಗಳ ಪ್ರಾಕೃತವನ್ನು ಕುರಿತ ಅಧ್ಯಾಯಕ್ಕೆ ಬರುತ್ತಾರೆ. ಪಿಶೆಲ್ಲರು 1900ರ ಪ್ರಾಕೃತ ವ್ಯಾಕರಣದಲ್ಲಿ ಜೈನ ಶೌರಸೇನೀ ಎಂದು ಕರೆದ ಭಾಷಾರೂಪದ ಲಕ್ಷಣಗಳನ್ನು ಒಂದು ಪೂರ್ಣ ಕೃತಿಯ ಆಧಾರದ ಮೇಲೆ ಪರೀಕ್ಷಿಸಿದ ಅಧ್ಯಾಯವದು. ಆದರೆ ಈ ಎರಡು ವರ್ಗದವರನ್ನೂ ಮೀರಿಸಿ ಈ ಪುಸ್ತಕವನ್ನು ಉಲ್ಲೇಖಿಸಿದವರು ಇತಿಹಾಸ ಬರೆಯುವವರು, ಹಾಗೂ ಅವರು ಉಲ್ಲೇಖಿಸಿದ್ದು ಒಂದೇ ಒಂದು ನಿರ್ಣಯವನ್ನು: ಕುಂದಕುಂದಾಚಾರ್ಯರು ಕ್ರಿಸ್ತಶಕದ ಆದಿಭಾಗದವರು ಎಂಬುದನ್ನು.

ಆ ನಿರ್ಣಯಕ್ಕೆ ಉಪಾಧ್ಯೆಯವರು ಬಂದ ಬಗೆಯನ್ನು ಗಮನಿಸಬೇಕು. ಅವರು ಮೊದಲು ಹಿಂದಿನವರ ಪಕ್ಷಗಳನ್ನೆಲ್ಲ ಒಂದೊಂದಾಗಿ ಮುಂದಿಡುತ್ತಾರೆ. ಜಯಸೇನರ ವ್ಯಾಖ್ಯೆಯಲ್ಲಿ ಬರುವ ಶಿವಕುಮಾರ ಮಹಾರಾಜನನ್ನು ಕದಂಬರ ಶಿವಮೃಗೇಶವರ್ಮನೊಡನೆ ಸಮೀಕರಿಸಿದ ಕೆ. ಬಿ. ಪಾಠಕರ ವಾದ, ಅದೇ ಶಿವಕುಮಾರನನ್ನು ಪಲ್ಲವರ ಶಿವಸ್ಕಂದವರ್ಮನೆಂದ ಎ. ಚಕ್ರವರ್ತಿಯವರ ವಾದ, ನಾಥೂರಾಮ ಪ್ರೇಮಿ ಹಾಗೂ ಜುಗಲ್‌ಕಿಶೋರ ಮುಖ್ತಾರರ ಅಭಿಪ್ರಾಯಗಳು, ಪಟ್ಟಾವಳಿಗಳು ಹೇಳುವ ಪರಂಪರೆ, ಕೊಂಡಕುಂದಾನ್ವಯವನ್ನು ಹೆಸರಿಸುವ ಶಕ 388ರ ಮರ್ಕರೆಯ ತಾಮ್ರಪಟ: ಇವೆಲ್ಲವನ್ನೂ ತೂಗಿ ನೋಡಿದ ಬಳಿಕವೇ ಅವರು ತಮ್ಮ ಒಲವನ್ನು ತಿಳಿಸುತ್ತಾರೆ. ಅದು ಒಲವು. ಪರಂಪರೆಯನ್ನು ತಳ್ಳಿಹಾಕಲು ಬಲವಾದ ವಿರುದ್ಧ ಸಾಕ್ಷ್ಯವಿಲ್ಲದಿರುವಾಗ ಪರಂಪರೆಯ ಕಡೆಗೆ ವಾಲುವುದು ನ್ಯಾಯ ಎಂಬ ಧೋರಣೆ ಆ ಪುಟಗಳಲ್ಲಿ ಸ್ಪಷ್ಟವಾಗಿದೆ. ಮುಂದಿನ ಪುಸ್ತಕಗಳಲ್ಲಿ ಇದು ಏನಾಯಿತು? ಪಾಠಕರು ಹೋದರು, ಚಕ್ರವರ್ತಿಯವರು ಹೋದರು, ಮರ್ಕರೆಯ ತಾಮ್ರಪಟವೂ ಹೋಯಿತು; ಉಪಾಧ್ಯೆ, ಪ್ರವಚನಸಾರ, ಉಪೋದ್ಘಾತ ಎಂಬ ಅಡಿಟಿಪ್ಪಣಿಯೊಂದಿಗೆ ಶತಮಾನವೊಂದೇ ಉಳಿಯಿತು. ಇದನ್ನು ಉದ್ಧರಿಸಿದವರನ್ನು ಇನ್ನೊಬ್ಬರು ಉದ್ಧರಿಸಿದರು. ಪಠ್ಯಪುಸ್ತಕಕ್ಕೆ ಬರುವ ಹೊತ್ತಿಗೆ ಅಡಿಟಿಪ್ಪಣಿಯೂ ಉದುರಿ, ಅನುಮಾನವು ಸಿದ್ಧಾಂತವಾಗಿ ನಿಂತಿತು.

ಇದರ ಪರಿಣಾಮ ಸಣ್ಣದಲ್ಲ. ಮರ್ಕರೆಯ ತಾಮ್ರಪಟವನ್ನು ಲಿಪಿಯ ದೃಷ್ಟಿಯಿಂದ ಹಲವು ಶಾಸನಜ್ಞರು ಅನಂತರ ಕಾಲದ ಕೂಟಪತ್ರವೆಂದೇ ಗಣಿಸಿದ್ದಾರೆ. ಎಂ. ಎ. ಢಾಕೀಯವರು 1991ರಲ್ಲಿ ವಾರಾಣಸಿಯಿಂದ ಹೊರಬಂದ ದಲಸುಖ ಮಾಲವಣಿಯಾ ಅಭಿನಂದನ ಸಂಪುಟದಲ್ಲಿ ಕುಂದಕುಂದರನ್ನು ಎಂಟನೆಯ ಶತಮಾನಕ್ಕೆ ತಂದಿರಿಸುವ ವಾದವನ್ನು ಮಂಡಿಸಿದರು. ಪ್ರಾಚೀನ ದಿಗಂಬರ ಗ್ರಂಥಕಾರರ ಮೌನ, ಹತ್ತನೆಯ ಶತಮಾನದ ಆಸುಪಾಸಿನ ಅಮೃತಚಂದ್ರರಿಗಿಂತ ಹಿಂದಣ ವ್ಯಾಖ್ಯೆ ದೊರೆಯದಿರುವುದು ಮುಂತಾದವು ಈ ಪಕ್ಷಕ್ಕೆ ಬೆಂಬಲ. ಢಾಕೀಯವರ ಪಕ್ಷವನ್ನು ಒಪ್ಪಲೇಬೇಕೆಂದಿಲ್ಲ. ಮೌನವನ್ನು ಸಾಕ್ಷ್ಯವೆಂದು ಬಳಸುವುದರಲ್ಲಿ ಇರುವ ಅಪಾಯ ಪಂಡಿತರಿಗೆ ಹೊಸದಾಗಿ ಹೇಳಬೇಕಾದದ್ದಲ್ಲ. ಆದರೆ ಅದಕ್ಕೆ ಬಂದ ಉತ್ತರಗಳಲ್ಲಿ ಅನೇಕವು ಉಪಾಧ್ಯೆಯವರ ಹೆಸರನ್ನು ಗುರಾಣಿಯಂತೆ ಹಿಡಿದುವೇ ಹೊರತು ಅವರ ತರ್ಕವನ್ನು ಬಿಡಿಸಿ ಇಡಲಿಲ್ಲ. ಉಪಾಧ್ಯೆಯವರು 1935ರಲ್ಲಿ ಯಾವ ಯಾವ ಆಧಾರಗಳ ಮೇಲೆ ನಿಂತಿದ್ದರು, ಅವುಗಳಲ್ಲಿ ಇಂದು ಯಾವುದು ಉಳಿದಿದೆ, ಯಾವುದು ಜಾರಿದೆ ಎಂದು ಎಣಿಸಿ ಹೇಳಿದ್ದರೆ ಅವರ ಪಕ್ಷಕ್ಕೂ ನ್ಯಾಯ ದೊರೆಯುತ್ತಿತ್ತು, ಎದುರು ಪಕ್ಷಕ್ಕೂ ದೊರೆಯುತ್ತಿತ್ತು. ಅತ್ಯಂತ ಹೆಚ್ಚು ಉಲ್ಲೇಖಿತವಾದ ಅವರ ಮಾತೇ ಅತ್ಯಂತ ಕಡಿಮೆ ಓದಲ್ಪಟ್ಟ ಮಾತಾಗಿರುವುದು ವಿಷಾದನೀಯ.

ಪರಮಾತ್ಮಪ್ರಕಾಶದ ಗತಿ ಇದಕ್ಕಿಂತ ಮೇಲು. ಜೋಇಂದುವಿನ ದೋಹೆಗಳಲ್ಲಿ ಕೆಲವು ಹೇಮಚಂದ್ರರ ವ್ಯಾಕರಣದ ಅಪಭ್ರಂಶ ಭಾಗದಲ್ಲಿ ಉದಾಹರಣೆಗಳಾಗಿ ಬಂದಿವೆ ಎಂಬುದನ್ನು ಉಪಾಧ್ಯೆಯವರು ತೋರಿಸಿದ್ದು ಭಾಷೇತಿಹಾಸಕ್ಕೆ ನೇರವಾಗಿ ಉಪಯುಕ್ತವಾಯಿತು. 1948ರಲ್ಲಿ ಬಂದ ಜಿ. ವಿ. ತಗಾರೆಯವರ ಅಪಭ್ರಂಶದ ಐತಿಹಾಸಿಕ ವ್ಯಾಕರಣವು ಈ ಪಾಠವನ್ನು ಮುಖ್ಯ ಸಾಕ್ಷಿಗಳಲ್ಲಿ ಒಂದಾಗಿ ಬಳಸಿತು. ಆದರೆ ಕನ್ನಡಿಗರ ಮಟ್ಟಿಗೆ ಇಲ್ಲಿ ಒಂದು ಕೊರತೆಯನ್ನು ಹೇಳದೆ ವಿಧಿಯಿಲ್ಲ. ಈ ಕೃತಿಗೆ ಕನ್ನಡ ವ್ಯಾಖ್ಯೆಯುಂಟು. ಉಪಾಧ್ಯೆಯವರು ಅದನ್ನು ಓಲೆಗರಿಗಳಲ್ಲಿ ಓದಿ ಉಪೋದ್ಘಾತದಲ್ಲಿ ಪರಿಚಯಿಸಿಯೂ ಇದ್ದಾರೆ. ಗ್ರಂಥಮಾಲೆಯ ಸಂಪ್ರದಾಯಕ್ಕೆ ಅನುಗುಣವಾಗಿ ಅಚ್ಚಾದದ್ದು ಬ್ರಹ್ಮದೇವರ ಸಂಸ್ಕೃತ ವೃತ್ತಿ ಮತ್ತು ದೌಲತರಾಮರ ಹಿಂದೀ ಟೀಕೆ. ಅಚ್ಚಾದದ್ದನ್ನು ಲೋಕ ಉಲ್ಲೇಖಿಸಿತು. ಪರಿಚಯದಲ್ಲಿ ಮಾತ್ರ ಉಳಿದ ಕನ್ನಡ ಟೀಕೆಗೆ ಪರಿಚಯದ ಮರ್ಯಾದೆಯಷ್ಟೇ ಸಂದಿತು. ಕನ್ನಡವನ್ನು ಮನೆಮಾತಾಗಿ ಬಲ್ಲ, ಹಳಗನ್ನಡ ಲಿಪಿಯ ಓಲೆಗಳನ್ನು ಸಲೀಸಾಗಿ ಓದಬಲ್ಲ ಸಂಪಾದಕರು ಈ ಅವಕಾಶವನ್ನು ಕನ್ನಡ ಪ್ರಕಾಶನವೊಂದರ ಮೂಲಕವಾದರೂ ಬಳಸಿಕೊಳ್ಳಬಹುದಿತ್ತು.

ವರಾಂಗಚರಿತದ ಸಂಗತಿ ಬೇರೆ. ಆ ಕಾವ್ಯದ ಹೆಸರು ಬಹುಕಾಲದಿಂದ ತಿಳಿದಿತ್ತು. ಕರ್ತೃವಿನ ವಿಷಯದಲ್ಲಿ ಗೊಂದಲವಿತ್ತು, ಅದು ಪದ್ಮಚರಿತದ ರವಿಷೇಣರದೇ ಎಂದು ಭಾವಿಸಿದವರೂ ಇದ್ದರು. ಕೊಲ್ಲಾಪುರದ ಲಕ್ಷ್ಮೀಸೇನ ಭಟ್ಟಾರಕರ ಮಠದ ಓಲೆಗರಿಯ ಪ್ರತಿಗಳಿಂದ ಪಾಠವನ್ನು ಹೊರತಂದ ಉಪಾಧ್ಯೆಯವರು, ಕುವಲಯಮಾಲೆ, ಪುನ್ನಾಟ ಸಂಘದ ಜಿನಸೇನರ ಹರಿವಂಶಪುರಾಣ ಮೊದಲಾದ ಕೃತಿಗಳ ಸ್ಮರಣಪದ್ಯಗಳನ್ನು ಕೂಡಿಸಿ ಜಟಾಸಿಂಹನಂದಿಯೇ ಕರ್ತೃವೆಂದು ಸ್ಥಾಪಿಸಿದರು. ಕೊಪ್ಪಳದ ಬಂಡೆಯ ಮೇಲೆ ಜಟಾಸಿಂಗನಂದಿ ಆಚಾರ್ಯರ ಪಾದಗಳನ್ನು ಚಾವಯ್ಯ ಎಂಬುವನು ಮಾಡಿಸಿದನೆಂದು ತಿಳಿಸುವ ಕನ್ನಡ ಬರೆಹ ಈ ಕವಿಯ ನೆಲೆಯನ್ನು ಕರ್ನಾಟಕಕ್ಕೆ ಗಟ್ಟಿಯಾಗಿ ಕಟ್ಟುತ್ತದೆ. ಪಂಪನ ಆದಿಪುರಾಣವೂ ಜಟಾಚಾರ್ಯರನ್ನು ಸ್ಮರಿಸುತ್ತದೆ. ಹಸ್ತಪ್ರತಿ, ಕಾವ್ಯಸ್ಮರಣೆ, ಶಾಸನ ಮೂರೂ ಒಂದನ್ನೊಂದು ಎತ್ತಿಹಿಡಿದ ಈ ಉದಾಹರಣೆ ಸಂಪಾದನಶಾಸ್ತ್ರದ ವಿದ್ಯಾರ್ಥಿಗೆ ಕಲಿಸಲು ಯೋಗ್ಯವಾದುದು. ಅದರ ಫಲವನ್ನು ಎಲ್ಲರೂ ಉಂಡಿದ್ದಾರೆ. ಜಟಾಸಿಂಹನಂದಿಯ ಹೆಸರನ್ನು ಇಂದು ಬರೆಯುವವರಲ್ಲಿ ಎಷ್ಟೋ ಮಂದಿಗೆ ಆ ಹೆಸರನ್ನು ಕಾವ್ಯಕ್ಕೆ ಜೋಡಿಸಿದವರು ಯಾರೆಂಬುದೇ ಅರಿವಿಲ್ಲ. ನಿರ್ಣಯ ಪೂರ್ಣವಾಗಿ ಯಶಸ್ವಿಯಾದಾಗ ಉಲ್ಲೇಖ ನಿಂತುಹೋಗುತ್ತದೆ. ಎಣಿಕೆಯವರ ಸೂಚಿಯಲ್ಲಿ ಇದು ಕುಂದಕುಂದರ ಕಾಲನಿರ್ಣಯದ ಎದುರು ತೀರ ಹಗುರವಾಗಿ ಕಾಣುವುದು. ವಿದ್ವತ್ತಿನ ದೃಷ್ಟಿಯಲ್ಲಿ ಇದರ ತೂಕವೇ ಹೆಚ್ಚು.

ಹರಿಷೇಣರ ಬೃಹತ್ಕಥಾಕೋಶ ಶಕ 853ರ, ಎಂದರೆ ಕ್ರಿ.ಶ. 931–32ರ ಕೃತಿ, 157 ಕಥೆಗಳ ಸಂಗ್ರಹ. ಸಿಂಘೀ ಜೈನ ಗ್ರಂಥಮಾಲೆಯಲ್ಲಿ 1943ರಲ್ಲಿ ಪ್ರಕಟವಾದ ಆವೃತ್ತಿಯ ಉಪೋದ್ಘಾತವು ಜೈನ ಕಥಾಸಾಹಿತ್ಯದ ಚರಿತ್ರೆಯೇ ಆಗಿದೆ. ಇದರ ಓದುಗರು ಎರಡು ಗುಂಪಿನವರು. ಲೋಕದ ಕಥಾಸಾಹಿತ್ಯವನ್ನು ತೌಲನಿಕವಾಗಿ ಅಭ್ಯಸಿಸುವವರು ಒಂದು ಕಡೆ. ಅವರಿಗೆ ಇದು ಕಥಾಬೀಜಗಳ ಕಣಜ. ಇನ್ನೊಂದು ಕಡೆ ವಡ್ಡಾರಾಧನೆಯ ವಿದ್ಯಾರ್ಥಿಗಳು. ಭಗವತೀ ಆರಾಧನೆಯ ಗಾಥೆಗಳಲ್ಲಿ ಹೆಸರಿಸಿದ ಮಹಾಪುರುಷರ ಕಥೆಗಳೇ ಬೇರೆ ಬೇರೆ ಭಾಷೆಗಳಲ್ಲಿ ಆರಾಧನಾಕಥಾಕೋಶಗಳಾಗಿ ಬೆಳೆದುವೆಂಬುದನ್ನು ತೋರಿಸಿ, ಕನ್ನಡದ 19 ಕಥೆಗಳ ಗದ್ಯಕೃತಿಯನ್ನು ಆ ಕುಟುಂಬದಲ್ಲಿ ಕೂರಿಸಿದ ವಿಚಾರ ಕನ್ನಡ ಸಾಹಿತ್ಯಚರಿತ್ರೆಗೆ ಹೊಸ ಬಾಗಿಲನ್ನು ತೆರೆಯಿತು. ಡಿ. ಎಲ್. ನರಸಿಂಹಾಚಾರ್ಯರ 1949ರ ವಡ್ಡಾರಾಧನೆಯ ಸಂಪಾದನೆಯ ಬಳಿಕ ಈ ತೌಲನಿಕ ಚರ್ಚೆ ಕನ್ನಡದಲ್ಲಿ ಸಮೃದ್ಧವಾಗಿ ನಡೆದಿದೆ. ಆದರೆ ಕಥಾಬೀಜದ ಅಭ್ಯಾಸಿಗೆ ವಡ್ಡಾರಾಧನೆ ಗೊತ್ತಿಲ್ಲ, ವಡ್ಡಾರಾಧನೆಯ ಅಭ್ಯಾಸಿಗೆ ಕಥಾಬೀಜದವರು ಬರೆದದ್ದು ತಲಪುವುದಿಲ್ಲ. ಒಂದೇ ಉಪೋದ್ಘಾತದ ಎರಡು ಅಧ್ಯಾಯಗಳ ಓದುಗರು ಪರಸ್ಪರ ಮುಖ ಕಾಣದೆ ಎಂಬತ್ತು ವರ್ಷಗಳನ್ನು ಕಳೆದಿದ್ದಾರೆ.

ಗಣಿತದವರದು ಇನ್ನೂ ದೂರದ ಬೀದಿ. ಯತಿವೃಷಭರ ತಿಲೋಯಪಣ್ಣತ್ತಿ ಲೋಕರಚನೆಯ ಗ್ರಂಥ. ಲೋಕದ ಘನಫಲವನ್ನು 343 ಘನರಜ್ಜುಗಳೆಂದು ಹೇಳಿ, ಅದನ್ನು ಬಗೆಬಗೆಯ ಆಕೃತಿಗಳಾಗಿ ಒಡೆದು ಅಳೆದು ತೋರಿಸುವ ಭಾಗಗಳು ಅದರಲ್ಲಿವೆ. ಸೊಲ್ಲಾಪುರದ ಜೀವರಾಜ ಜೈನ ಗ್ರಂಥಮಾಲೆಯ ಮೊದಲ ಗ್ರಂಥವಾಗಿ ಎರಡು ಭಾಗಗಳಲ್ಲಿ, 1943 ಮತ್ತು 1951ರಲ್ಲಿ, ಇದು ಅಚ್ಚಾಯಿತು. 1958ರಲ್ಲಿ ಅದೇ ಮಾಲೆಯ ಜಂಬೂದೀವಪಣ್ಣತ್ತಿಯ ಜೊತೆಗೆ ಲಕ್ಷ್ಮೀಚಂದ್ರ ಜೈನರು ತಿಲೋಯಪಣ್ಣತ್ತಿಯ ಗಣಿತವನ್ನು ಕುರಿತು ಬರೆದ ದೀರ್ಘ ಹಿಂದೀ ಪ್ರಬಂಧ ಸೇರಿತು. ಗಣಿತದ ಇತಿಹಾಸಕಾರರು ಉದ್ಧರಿಸುವುದು ಬಹುಮಟ್ಟಿಗೆ ಈ ಪ್ರಬಂಧವನ್ನು. ಗಾಥೆಯ ಪಾಠ ಎಲ್ಲಿ ಸಂದಿಗ್ಧ, ಸಂಖ್ಯಾಸಂಜ್ಞೆಗಳು ಪ್ರತಿಯಿಂದ ಪ್ರತಿಗೆ ಎಲ್ಲಿ ಕೆಟ್ಟಿವೆ ಎಂಬ ಸಂಪಾದಕರ ಟಿಪ್ಪಣಿಗಳನ್ನು ದಾಟಿ ಲೆಕ್ಕಕ್ಕೆ ನೇರವಾಗಿ ಇಳಿದರೆ ಲಿಪಿಕಾರನ ತಪ್ಪು ಆಚಾರ್ಯರ ಸೂತ್ರವಾಗುವ ಅಪಾಯವಿದೆ. ಕುವಲಯಮಾಲೆಯೂ ಹೀಗೆಯೇ ಹಲವರ ಪಾಲಾಗಿದೆ. ಶಕ 700 ತುಂಬಲು ಒಂದು ದಿನ ಉಳಿದಿರುವಾಗ, ಎಂದರೆ ಕ್ರಿ.ಶ. 779ರಲ್ಲಿ, ಜಾಬಾಲಿಪುರದಲ್ಲಿ ಮುಗಿದ ಆ ಚಂಪುವಿನಲ್ಲಿ ಚಂದ್ರಭಾಗಾ ತೀರದ ತೋರರಾಯನ ಪ್ರಸ್ತಾಪ ಹೂಣರ ಇತಿಹಾಸದವರಿಗೆ ಬೇಕು. ಕರ್ಣಾಟಕದವರೂ ಸೇರಿದಂತೆ ನಾನಾ ದೇಶದ ವರ್ತಕರ ಮಾತಿನ ಧಾಟಿಯನ್ನು ಅಣಕಿಸುವ ಭಾಗ ಭಾಷಾಶಾಸ್ತ್ರಕ್ಕೆ ಬೇಕು. ಸಂಸಾರಚಕ್ರದ ಚಿತ್ರಪಟದ ವರ್ಣನೆ ಕಲೇತಿಹಾಸಕ್ಕೆ ಬೇಕು. 1970ರ ಭಾಗದಲ್ಲಿ ವಾಸುದೇವಶರಣ ಅಗ್ರವಾಲರ ಸಾಂಸ್ಕೃತಿಕ ಟಿಪ್ಪಣಿಯನ್ನು ಸೇರಿಸಿದ್ದರಿಂದ ಈ ಹಂಚಿಕೆ ಮತ್ತಷ್ಟು ಸುಲಭವಾಯಿತು. ಕಥೆಯ ಐದು ಜೀವಗಳು ಕ್ರೋಧಮಾನಾದಿ ಕಷಾಯಗಳಿಂದ ಬಿದ್ದು ಏಳುವ ಧರ್ಮಕಥೆಯಾಗಿ ಅದನ್ನು ಓದಿದವರು ಮಾತ್ರ ವಿರಳ.

ಯಾಪನೀಯ ಸಂಘವನ್ನು ಕುರಿತ ಲೇಖನಗಳು ಉಪಾಧ್ಯೆಯವರ ಬಿಡಿ ಬರೆಹಗಳಲ್ಲಿ ಅತ್ಯಂತ ದೂರ ಪಯಣ ಮಾಡಿದಂಥವು. 1933ರಲ್ಲಿ, 27ನೆಯ ವಯಸ್ಸಿನಲ್ಲಿ, ಅವರು ಮುಂಬಯಿ ವಿಶ್ವವಿದ್ಯಾಲಯದ ನಿಯತಕಾಲಿಕದಲ್ಲಿ ಮೊದಲ ಲೇಖನವನ್ನು ಪ್ರಕಟಿಸಿದರು. 1974ರಲ್ಲಿ ಪುಣೆಯ ಭಾಂಡಾರ್ಕರ್ ಸಂಸ್ಥೆಯ ಪತ್ರಿಕೆಯಲ್ಲಿ ಇನ್ನಷ್ಟು ಸಾಮಗ್ರಿಯೊಡನೆ ಅದೇ ವಿಷಯಕ್ಕೆ ಮರಳಿದರು. ಕದಂಬ ಮೃಗೇಶವರ್ಮನ ಹಲಸಿಗೆಯ ದಾನಪತ್ರ ನಿರ್ಗ್ರಂಥ ಕೂರ್ಚಕರೊಡನೆ ಹೆಸರಿಸುವ ಈ ಸಂಘವು ಕನ್ನಡ ನಾಡಿನ ಶಾಸನಗಳಲ್ಲಿಯೇ ಹೆಚ್ಚಾಗಿ ಬದುಕಿ ಉಳಿದಿದೆ. ಸ್ತ್ರೀಮುಕ್ತಿಯ ವಾದವನ್ನು ಕುರಿತು ಪದ್ಮನಾಭ ಜೈನಿಯವರು 1991ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಗ್ರಂಥದ ಮೂಲಕ ಉಪಾಧ್ಯೆಯವರ ಶೋಧನೆ ಸ್ತ್ರೀಪರ ಅಧ್ಯಯನದವರ ಮೇಜಿಗೂ ತಲಪಿತು. ಇನ್ನೊಂದು ಕಡೆ, ಸಾಗರಮಲ ಜೈನರ 1996ರ ಹಿಂದೀ ಗ್ರಂಥವೂ ಅದನ್ನನುಸರಿಸಿದ ಬರೆಹಗಳೂ ಅನೇಕ ಪ್ರಾಚೀನ ಕೃತಿಗಳಿಗೆ ಯಾಪನೀಯವೆಂಬ ಹೆಸರನ್ನು ಕೊಟ್ಟುವು. ಇದಕ್ಕೆ ದಿಗಂಬರ ಪಂಡಿತರಿಂದ ತೀವ್ರ ವಿರೋಧವೂ ಬಂದಿತು. ಎರಡು ಕಡೆಯವರೂ ಉಪಾಧ್ಯೆಯವರನ್ನು ಉಲ್ಲೇಖಿಸುತ್ತಾರೆ. ಅವರಾದರೋ ಮುಖ್ಯವಾಗಿ ಮಾಡಿದ್ದು ಶಾಸನಗಳ ಹಾಗೂ ಗ್ರಂಥಗಳ ಪ್ರಸ್ತಾಪಗಳನ್ನು ಕಲೆಹಾಕಿ, ಸಂಘಗಳ ನಡುವಣ ಗಡಿ ಕಾಲಕಾಲಕ್ಕೆ ಮಸುಕಾಗುತ್ತಿತ್ತೆಂದು ಸೂಚಿಸಿದ್ದು.

ಬಹಳ ಕಡಿಮೆ ಉಲ್ಲೇಖ ಪಡೆದ ಒಂದು ಲೇಖನದ ಮಾತು ಇನ್ನು ಉಳಿದಿದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಸೀಮೆಗೆ, ಬಲಸಮುದ್ರದ ಸುತ್ತಣ ಕೆರೆಬಯಲಿನ ಹಳ್ಳಿಗಳಿಂದ ನಿಡುಗಲ್ಲಿನ ಬೆಟ್ಟದವರೆಗಿನ ನಾಡಿಗೆ, ನೇರವಾಗಿ ಸಂಬಂಧಿಸಿದ್ದು ಅದು. ಕುಂದಕುಂದರ ನಿಯಮಸಾರಕ್ಕೆ ತಾತ್ಪರ್ಯವೃತ್ತಿ ಎಂಬ ಸಂಸ್ಕೃತ ವ್ಯಾಖ್ಯೆಯನ್ನು ಬರೆದವರು ಪದ್ಮಪ್ರಭ ಮಲಧಾರಿದೇವರು. ಗದ್ಯದ ನಡುನಡುವೆ ತಮ್ಮವೇ ಆದ ಶ್ಲೋಕಗಳನ್ನು ಹೆಣೆದು, ಅಧ್ಯಾತ್ಮವನ್ನು ಕಾವ್ಯವಾಗಿಸಿದ ಈ ವೃತ್ತಿ 20ನೆಯ ಶತಮಾನದಲ್ಲಿ ಹಿಂದೀ ಮತ್ತು ಗುಜರಾತಿ ಅನುವಾದಗಳ ಮೂಲಕ ಸೌರಾಷ್ಟ್ರದ ಸೋನಗಢದವರೆಗೂ ನಿತ್ಯಸ್ವಾಧ್ಯಾಯದ ಗ್ರಂಥವಾಯಿತು. ಅಲ್ಲಿ ಅದನ್ನು ಓದುವವರಿಗೆ ವೃತ್ತಿಕಾರರು ಯಾವ ನಾಡಿನವರೆಂಬುದು ಮುಖ್ಯವಲ್ಲದಿರಬಹುದು. ಉಪಾಧ್ಯೆಯವರಿಗೆ ಮುಖ್ಯವಾಗಿತ್ತು. 1942ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ನಿಯತಕಾಲಿಕದಲ್ಲಿ ಅವರು ಪದ್ಮಪ್ರಭರನ್ನೂ ಅವರ ವ್ಯಾಖ್ಯೆಯನ್ನೂ ಕುರಿತು ಪ್ರತ್ಯೇಕ ಲೇಖನವನ್ನು ಬರೆದರು.

ಪದ್ಮಪ್ರಭರು ತಮ್ಮ ವೃತ್ತಿಯಲ್ಲಿ ವೀರನಂದಿಗಳನ್ನು ವಂದಿಸುತ್ತಾರೆ. ಪಾಟಶಿವರದ ಶಾಸನ ವೀರನಂದಿಗಳ ಶಿಷ್ಯರಾದ ಪದ್ಮಪ್ರಭ ಮಲಧಾರಿದೇವರು ಕ್ರಿ.ಶ. 1185ರಲ್ಲಿ ದೇಹತ್ಯಾಗ ಮಾಡಿದುದನ್ನು ದಾಖಲಿಸುತ್ತದೆ. ಆ ಊರು ಇರುವುದು ಮಡಕಶಿರಾ ಸೀಮೆಯಲ್ಲಿ, ಹೆಂಜೇರು ಎಂದು ಶಾಸನಗಳು ಕರೆಯುವ ಹೇಮಾವತಿಯ ನೆರೆಯ ನಾಡಿನಲ್ಲಿ. ಇಂದು ಆಂಧ್ರಪ್ರದೇಶದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ್ದರೂ ಪಾವಗಡ, ಮಧುಗಿರಿ, ಶಿರಾಗಳಿಗೆ ಮಡಕಶಿರಾ ನೆರೆಮನೆ. ಬಿ. ಎಲ್. ರೈಸರು 1904ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ತುಮಕೂರು ಜಿಲ್ಲೆಯ ಸಂಪುಟದಲ್ಲಿ ನಿಡುಗಲ್ಲಿನ 1232ರ ಶಾಸನವಿದೆ. ಕಾಳಾಂಜನವೆಂಬ ಆ ಗಿರಿದುರ್ಗದಲ್ಲಿ ಇರುಂಗೋಳನು ಆಳುತ್ತಿದ್ದಾಗ ಗಂಗೇಯನ ಮಾರೆಯನೂ ಅವನ ಹೆಂಡತಿ ಬಾಚಲೆಯೂ ಬೆಟ್ಟದ ಮೇಲೆ ಪಾರ್ಶ್ವಜಿನನ ಬಸದಿಯನ್ನು ಕಟ್ಟಿಸಿದರೆಂದು ಅದು ತಿಳಿಸುತ್ತದೆ. ಜೋಗವಟ್ಟಿಗೆಯ ಬಸದಿ ಎಂಬ ಹೆಸರೂ ಅದಕ್ಕಿತ್ತು. ದಾನಿಯ ಗುರು ನೇಮಿಪಂಡಿತರು. ಆ ನೇಮಿಪಂಡಿತರ ಗುರು ಪದ್ಮಪ್ರಭ ಮಲಧಾರಿದೇವರು, ಅವರ ಗುರು ವೀರನಂದಿ ಸಿದ್ಧಾಂತಚಕ್ರವರ್ತಿಗಳು. ಮೂಲಸಂಘ, ದೇಶೀಯಗಣ, ಕೊಂಡಕುಂದಾನ್ವಯ, ಪುಸ್ತಕಗಚ್ಛ, ವಾನದ ಬಳಿ. ಪಾಟಶಿವರದ ಕಲ್ಲಿಗೂ ನಿಡುಗಲ್ಲಿನ ಕಲ್ಲಿಗೂ ನಡುವೆ 47 ವರ್ಷಗಳು, ಒಂದು ಶಿಷ್ಯತಲೆಮಾರಿಗೆ ತಕ್ಕ ಅಂತರ. ಅಮರಾಪುರದ 1278ರ ಶಾಸನ ಇದೇ ನಿಡುಗಲ್ಲು ಅರಸರ ಕಾಲದಲ್ಲಿ ಬಾಲೇಂದು ಮಲಧಾರಿಗಳ ಶಿಷ್ಯನಾದ ಮಲ್ಲಿಸೆಟ್ಟಿಯು ಜಿನಾಲಯಕ್ಕೆ 2000 ಅಡಕೆ ಮರಗಳನ್ನು ಬಿಟ್ಟುದನ್ನು ಹೇಳುತ್ತದೆ. ನೂರು ವರ್ಷಗಳ ಕಾಲ ಈ ಬರಡು ಬೆಟ್ಟಗಳ ನಾಡಿನಲ್ಲಿ ಮಲಧಾರಿಗಳ ಪರಂಪರೆ ಅರಸರ, ವರ್ತಕರ ಮನ್ನಣೆಯೊಡನೆ ಬಾಳಿತೆಂಬುದಕ್ಕೆ ಇವು ಸಾಕು.

ಈ ಲೇಖನದ ಫಲ ಒಂದು ವ್ಯಾಖ್ಯೆಯ ಕಾಲನಿರ್ಣಯಕ್ಕೆ ಮುಗಿಯುವುದಿಲ್ಲ. ಪದ್ಮಪ್ರಭರ ವೃತ್ತಿ ತುಂಬ ಉದ್ಧರಣಗಳಿವೆ. ಅವರು ಅಮೃತಾಶೀತಿಯನ್ನು ಯೋಗೀಂದ್ರದೇವರ ಹೆಸರಿನಲ್ಲಿ ಉದ್ಧರಿಸುತ್ತಾರೆ. ಜೋಇಂದುವಿನ ಕೃತಿಗಳು ಯಾವುವೆಂಬ ಚರ್ಚೆಯಲ್ಲಿ ಉಪಾಧ್ಯೆಯವರು 1937ರಲ್ಲಿಯೇ ಇದನ್ನು ಗಮನಕ್ಕೆ ತಂದುಕೊಂಡಿದ್ದರು. ಏಕತ್ವಸಪ್ತತಿಯ ಶ್ಲೋಕಗಳೂ ವೃತ್ತಿಯಲ್ಲಿವೆ. 1962ರಲ್ಲಿ ಪದ್ಮನಂದಿ ಪಂಚವಿಂಶತಿ ಪ್ರಕಟವಾದಾಗ ಪದ್ಮನಂದಿಗಳ ಕಾಲದ ಕೆಳಗಣ ಎಲ್ಲೆಯನ್ನು ಹಾಕಲು ಈ ಉದ್ಧರಣವೇ ನೆರವಾಯಿತು. 1185 ಎಂಬ ಒಂದು ವರ್ಷದ ಮೇಲೆ ಮೂರು ನಾಲ್ಕು ಗ್ರಂಥಗಳ ಕಾಲಚರ್ಚೆ ಒರಗಿ ನಿಂತಿದೆ. ಕುಂದಕುಂದರ ಕಾಲದಂತೆ ಒಲವಿನ ಮೇಲೆ ನಿಂತ ನಿರ್ಣಯವಲ್ಲ ಇದು. ಕಲ್ಲಿನ ಮೇಲೆ ಕಂಡರಿಸಿದ್ದು. ಹಾಗಿದ್ದೂ ಇದನ್ನು ಉಲ್ಲೇಖಿಸಿದವರು ಬೆರಳೆಣಿಕೆಯವರು. ಜಿಲ್ಲೆಯ ಇತಿಹಾಸ ಬರೆಯುವವರು ನಿಡುಗಲ್ಲಿನ ಶಾಸನವನ್ನು ರೈಸರ ಸಂಪುಟದಿಂದ ತೆಗೆದು ಚೋಳ ಇರುಂಗೋಳನ ವಂಶಾವಳಿಗೆ ಬಳಸುತ್ತಾರೆ. ಅದರ ಗುರುಪರಂಪರೆಯ ಸಾಲಿನಲ್ಲಿ ನಿಯಮಸಾರದ ವೃತ್ತಿಕಾರರಿದ್ದಾರೆಂಬುದು ಅವರಿಗೆ ಕಾಣುವುದಿಲ್ಲ. ನಿಯಮಸಾರವನ್ನು ಅಚ್ಚುಮಾಡುವವರು ವೃತ್ತಿಯನ್ನು ಭಕ್ತಿಯಿಂದ ಮುದ್ರಿಸುತ್ತಾರೆ. ಶಾಸನದ ಕಡೆಗೆ ತಿರುಗುವುದಿಲ್ಲ.

ಈ ಸಂಪರ್ಕವನ್ನು ಉಳಿಸಿದ ಗ್ರಂಥವೊಂದಿದೆ. ಪಿ. ಬಿ. ದೇಸಾಯಿಯವರು 1957ರಲ್ಲಿ ದಕ್ಷಿಣಭಾರತದ ಜೈನಧರ್ಮವನ್ನೂ ಜೈನ ಶಾಸನಗಳನ್ನೂ ಕುರಿತು ಹೊರತಂದ ಪುಸ್ತಕದಲ್ಲಿ ಪಾಟಶಿವರದ ಮಲಧಾರಿಗಳ ವಿಚಾರ ಸೇರಿದೆ. ಆ ಪುಸ್ತಕ ಪ್ರಕಟವಾದದ್ದು ಉಪಾಧ್ಯೆ ಮತ್ತು ಹೀರಾಲಾಲರು ಪ್ರಧಾನ ಸಂಪಾದಕರಾಗಿದ್ದ ಜೀವರಾಜ ಗ್ರಂಥಮಾಲೆಯಲ್ಲಿಯೇ. ಕೃಷ್ಣಕಾಂತ ಹಂದಿಕಿಯವರ ಯಶಸ್ತಿಲಕದ ಅಧ್ಯಯನವೂ 1949ರಲ್ಲಿ ಅದೇ ಮಾಲೆಯಿಂದ ಹೊರಬಂದದ್ದು. ಇತರರಿಂದ ಬರೆಯಿಸಿ, ಅಚ್ಚಿನ ಕರಡನ್ನು ತಿದ್ದಿ, ಎರಡು ಪುಟದ ಪ್ರಧಾನ ಸಂಪಾದಕೀಯಕ್ಕೆ ತೃಪ್ತರಾಗಿ ಉಳಿದ ಈ ಕೆಲಸಕ್ಕೆ ಯಾವ ಸೂಚಿಯಲ್ಲಿಯೂ ಅಂಕವಿಲ್ಲ. ದೇಸಾಯಿಯವರ ಪುಸ್ತಕಕ್ಕೆ ಇಂದು ಸಲ್ಲುವ ಪ್ರತಿಯೊಂದು ಉಲ್ಲೇಖದಲ್ಲಿಯೂ ಉಪಾಧ್ಯೆಯವರ ಪಾಲು ಇಷ್ಟೋ ಅಷ್ಟೋ ಇದೆ ಎಂದರೆ ಅತ್ಯುಕ್ತಿಯಾಗದು.

ಉಪಾಧ್ಯೆಯವರ ಬಿಡಿ ಲೇಖನಗಳು ಕಾಲಕ್ರಮದಲ್ಲಿ ಮರೆಯಾಗಲು ಅವರೂ ಸ್ವಲ್ಪಮಟ್ಟಿಗೆ ಕಾರಣರು. ಮುಂಬಯಿ, ಪುಣೆ ಮೊದಲಾದ ಕಡೆಗಳ ನಿಯತಕಾಲಿಕಗಳಿಗೂ ಅನೇಕ ಅಭಿನಂದನ ಗ್ರಂಥಗಳಿಗೂ ಹಂಚಿಹೋದ ಅವುಗಳನ್ನು ಅವರು ಬದುಕಿರುವಾಗ ಒಂದೆಡೆ ತರಲಿಲ್ಲ. ಮೈಸೂರು ವಿಶ್ವವಿದ್ಯಾಲಯ 1983ರಲ್ಲಿ ಆಯ್ದ ಲೇಖನಗಳ ಸಂಪುಟವನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿ ಈ ಕೊರತೆಯನ್ನು ತಕ್ಕಮಟ್ಟಿಗೆ ತುಂಬಿತು. ಗ್ರಂಥಗಳ ಉಪೋದ್ಘಾತಗಳಾದರೋ ಪ್ರಾಕೃತ ಪಾಠಗಳಿಗೆ ಅಂಟಿಕೊಂಡೇ ಉಳಿದುವು. ಇಂಗ್ಲಿಷ್ ಬಾರದ ಶಾಸ್ತ್ರಿಗಳು ಪುಸ್ತಕದ ಆ ಅರ್ಧವನ್ನು ಮಡಿಸಿಟ್ಟು ಗಾಥೆಗಳಿಗೆ ಹೋಗುತ್ತಾರೆ, ಪ್ರಾಕೃತ ಬಾರದ ಸಂಶೋಧಕರು ಗಾಥೆಗಳನ್ನು ಮಡಿಸಿಟ್ಟು ಉಪೋದ್ಘಾತಕ್ಕೆ ಹೋಗುತ್ತಾರೆ. ಕನ್ನಡದಲ್ಲಿ ಪ್ರವಚನಸಾರ ಮತ್ತು ಬೃಹತ್ಕಥಾಕೋಶಗಳ ಉಪೋದ್ಘಾತಗಳಾದರೂ ಆಧಾರಸಹಿತವಾಗಿ, ಅನಂತರದ ಶೋಧನೆಗಳ ಟಿಪ್ಪಣಿಗಳೊಡನೆ ಬರಬೇಕು. ಪದ್ಮಪ್ರಭರ ಲೇಖನವಾದರೋ ಚಿಕ್ಕದು. ಪಾಟಶಿವರ, ನಿಡುಗಲ್ಲು, ಅಮರಾಪುರಗಳ ಶಾಸನಪಾಠಗಳೊಡನೆ ಅದನ್ನು ಅನುವಾದಿಸಿ ನಿಯಮಸಾರದ ಮುಂದಿನ ಕನ್ನಡ ಮುದ್ರಣಕ್ಕೆ ಪೀಠಿಕೆಯಾಗಿ ಸೇರಿಸಲು ಹದಿನೈದು ಇಪ್ಪತ್ತು ಪುಟಗಳು ಸಾಕಾಗುತ್ತವೆ.